ಕಬ್ಬಿಣದ ಕೈ ಹೆಣೆದ ಬಲೆ

"ಬಾಯಿ ಮುಚ್ಚು ಮುದ್ಕಿ! ಇದು ನನ್ನ ಅಂಗಳ, ಮೀನುಪೇಟೆ ಅಲ್ಲ!"

"ಹೌದಾ? ನಿನ್ನೆ ನನ್ನ ಸೊಸೆ ಮಾನ ಹರಾಜು ಹಾಕ್ದ್ಯಲ್ಲ, ಅದೆಂತ ಪೇಟೆ ಶನಿಯಾರಾ?"

ಮಾಸ್ತಮ್ಮ ತಲೆಯ ಮೇಲಿನ ಬುಟ್ಟಿಯನ್ನು ಅಂಗಳದ ನಡುವೆ ಕುಕ್ಕಿದಳು. ಎಪ್ಪತ್ತು ದಾಟಿದ ಮುದುಕಿ. ದನಿ ಮಾತ್ರ ಒಂದು ದೋಣಿಯಿಂದ ಇನ್ನೊಂದಕ್ಕೆ ಕೂಗುವಂಥದ್ದು. ಬೇಲಿಯಾಚೆ ಆಗಲೇ ನಾಲ್ಕು ತಲೆ ಕಾಣಿಸಿಕೊಂಡಿದ್ದವು.

"ಅವ್ಳು ಕೈ ತೋರ್ಸ್ಲಿಲ್ಲ ಯಾಕೆ ಹಾಗಾದ್ರೆ?" ಶನಿಯಾರ ಮೆಟ್ಟಿಲಿಳಿದು ಬಂದ. "ಕೂಟದ ಎದ್ರಿಗೆ ಮೂರು ಸಲ ಕೇಳ್ದೆ. ಬಲಗೈ ಸೆರಗಿನೊಳಗೆ ಯಾಕೆ ಅಡಗಿಸ್ಕಂಡ್ಲು?"

"ತೊರಕೆ ಮೀನಿನ ಮುಳ್ಳು ಚುಚ್ಚಿತ್ತು ಮಾರಾಯ! ಬಲೆಯಿಂದ ಮೀನು ಬಿಡಿಸುವಾಗ ಚುಚ್ಚಿದ್ದು. ಕೈ ಹಲಸಿನಕಾಯಿ ಹಾಗೆ ಊದಿತ್ತು. 'ಎಂತ ಆತು ಗಂಗೆ' ಅಂತ ಕೇಳಿದ್ಯಾ ನೀನು? ಇಲ್ಲ. 'ತೋರ್ಸು' ಅಂದೆ. ಹಾಗೆ ಹೇಳುದು ಕಳ್ರಿಗೆ. ಅವ್ಳು ತೋರ್ಸ್ಲಿಲ್ಲ. ನಾನಾದ್ರೂ ತೋರ್ಸ್ತಿರ್ಲಿಲ್ಲ, ಮುಖಕ್ಕೆ ಉಗೀತಿದ್ದೆ."

ಬೇಲಿಯ ಹಿಂದೆ ಯಾರೋ ಕಿಸಕ್ಕೆಂದರು. ಶನಿಯಾರನ ಕಿವಿ ಬಿಸಿಯಾಯಿತು. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿ ಜಮಾದಾರನಾಗಿ ನಿವೃತ್ತನಾದವನು ಅವನು. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಏನು ಕಳೆದರೂ ಜನ ಈಗಲೂ ಅವನ ಬಾಗಿಲಿಗೇ ಬರುತ್ತಿದ್ದರು. ಬೈಸಿಕೊಂಡು ಅಭ್ಯಾಸವಿರಲಿಲ್ಲ.

ಆರು ದಿನದ ಹಿಂದೆ ಕುಮಟೆಯ ಮೀನುಗಾರಿಕೆ ಪ್ರದರ್ಶನದಿಂದ, ಲೇತ್ ಅಂಗಡಿಯ ಮಾಬ್ಲೇಶ್ವರ ಮಾಡಿದ ಬಲೆ ಹೆಣೆಯುವ ಯಂತ್ರದ ಕೈ ಮಾಯವಾಗಿತ್ತು. ಅದನ್ನು ಕಡಿದು ಒಯ್ದವಳು ವಿಧವೆ ಗಂಗೆಯೇ ಎಂದು ಶನಿಯಾರ ನಿನ್ನೆ ಕೇರಿಯ ಕೂಟದಲ್ಲಿ ಬೆರಳು ತೋರಿಸಿ ಹೇಳಿದ್ದ.

ಕೂಟ ಅವನ ಮಾತನ್ನು ನಂಬಿತ್ತು. ಅದೇ ಈಗಿನ ಅನಾಹುತ.

ಆ ಮಧ್ಯಾಹ್ನ ಕೇರಿಯ ರಂಪಣಿ ಬಲೆ ಆ ವರ್ಷದ ಮೊದಲ ಸಲ ಕಡಲಿಗೆ ಇಳಿಯುವುದಿತ್ತು. ರಂಪಣಿ ಒಬ್ಬರ ಬಲೆಯಲ್ಲ. ಮನೆಗೊಂದು ತುಂಡು ಹೆಣೆದು ತರಬೇಕು. ತುಂಡುಗಳನ್ನೆಲ್ಲ ಜೋಡಿಸಿದರೆ ಅರ್ಧ ಮೈಲು ಉದ್ದದ ಬಲೆ. ಯಾರ ತುಂಡು ಅದರಲ್ಲಿದೆಯೋ ಅವರಿಗೆ ಮೀನಿನಲ್ಲಿ ಪಾಲು. ಮೊದಲ ದಿನ ಇಳಿದ ಬಲೆಗೆ ಮುಂದಿನ ವರ್ಷದವರೆಗೆ ಹೊಸ ತುಂಡು ಸೇರುವುದಿಲ್ಲ. ಗಂಗೆಯ ತುಂಡನ್ನು ಬಿಚ್ಚಿ ತೆಗೆಯಬೇಕೆಂದು ಕೂಟ ತೀರ್ಮಾನಿಸಿತ್ತು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಮುದುಕಿ, ಇಡೀ ವರ್ಷ ಆ ಪಾಲಿಲ್ಲದೆ ಹೇಗೆ ಬದುಕಬೇಕೆಂದು ಕೂಟ ಕೇಳಲಿಲ್ಲ. ಶನಿಯಾರನೂ ಕೇಳಲಿಲ್ಲ.

ಮಾಸ್ತಮ್ಮ ಬುಟ್ಟಿ ಎತ್ತಿಕೊಂಡಳು. ಹೊರಟವಳು ಬೇಲಿಯ ಬಳಿ ತಿರುಗಿದಳು.

"ರಾತ್ರಿಯೆಲ್ಲ ಅತ್ತು ಗಂಗೆ ಒಂದೇ ಮಾತು ಹೇಳ್ದ್ಲು. 'ಜಮಾದಾರಣ್ಣ ಯಂತ್ರದ ತುಂಡಾದ ತಂತಿ ನೋಡ್ದ, ನನ್ನ ಕೈ ನೋಡ್ದ. ಪ್ರದರ್ಶನದ ಬಲೆ ಮಾತ್ರ ಬಿಡಿಸಿ ನೋಡ್ಲಿಲ್ಲ' ಅಂದ್ಲು. ಎಂತಕ್ಕೆ ಅಂತ ಕೇಳಿದ್ರೆ ಬಾಯಿ ಬಿಡುದಿಲ್ಲ. ನೀನಾದ್ರೂ ನೋಡು. ಮೀನುಗಾರರ ಹೊಟ್ಟೇಲಿ ಹುಟ್ಟಿದ್ದು ನೆನಪಿದ್ರೆ."

ಮುದುಕಿ ಹೋದಳು. ಆ ಕೊನೆಯ ಮಾತು ಅಂಗಳದಲ್ಲೇ ಉಳಿಯಿತು.

* * *

ಬಲೆ ನಡುಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಪ್ರದರ್ಶನದಲ್ಲಿ ಯಂತ್ರದ ಪಕ್ಕ ತೂಗುಹಾಕಿದ್ದ ಮಾದರಿ ಬಲೆ ಅದು. ಯಂತ್ರದ ಕೈ ಹದಿನೈದು ದಿನದಲ್ಲಿ ಹೆಣೆದದ್ದು ಎಂದು ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಶನಿಯಾರ ಅದನ್ನು ಸಾಕ್ಷಿ ಎಂದು ತಂದು, ಕಾಗದ ಸುತ್ತಿ, ಅರಗು ಹಚ್ಚಿ ಮುದ್ರೆ ಒತ್ತಿ ಇಟ್ಟಿದ್ದ. ಠಾಣೆಯ ಅಭ್ಯಾಸ. ಮುದ್ರೆ ಒತ್ತಿದ ಮೇಲೆ ಬಿಚ್ಚಿ ನೋಡುವ ಅಭ್ಯಾಸ ಠಾಣೆಯಲ್ಲೂ ಅವನಿಗೆ ಇರಲಿಲ್ಲ.

ಈಗ ಮುದ್ರೆ ಒಡೆದ.

ಆ ಕೈ ಅವನ ಕಣ್ಣಮುಂದೆ ಬಂತು. ಮುಂಬಯಿಯ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಮಾಬ್ಲೇಶ್ವರ, ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ಕುಮಟೆಗೆ ಬಂದು ಲೇತ್ ಅಂಗಡಿ ಹಾಕಿದವನು, ಎರಡು ವರ್ಷ ಕೂತು ಮಾಡಿದ್ದು. ಎರಡು ಉಕ್ಕಿನ ಬೆರಳು, ಒಂದು ಹೆಬ್ಬೆರಳು. ಬೆರಳಿನೊಳಗೆ ಸೈಕಲ್ ಬ್ರೇಕಿನಂಥ ತಂತಿಗಳು. ಮೋಟಾರು ತಿರುಗಿದರೆ ಕೈ ಬಗ್ಗಿ, ಬಲೆ ಹೆಣೆಯುವ ಸೂಜಿಯನ್ನು ಹಿಡಿದು, ದಾರದ ಕುಣಿಕೆಯೊಳಗೆ ನುಗ್ಗಿಸಿ ಆಚೆ ಎಳೆಯುತ್ತಿತ್ತು.

ಜನ ಮುಗಿಬಿದ್ದಿದ್ದರು. ಸಂತೆಗುಳಿಯಿಂದ ಬಂದ ಒಬ್ಬ ಅಜ್ಜ, "ಎಲೆಗೆ ಸುಣ್ಣ ಹಚ್ತದಾ ಇದು?" ಎಂದು ಕೇಳಿ ತನ್ನ ಸಂಚಿಯನ್ನೇ ಚಾಚಿದ್ದ. ಧಾರೇಶ್ವರದ ಹೆಂಗಸೊಬ್ಬಳು ಆ ಉಕ್ಕಿನ ಬೆರಳಿಗೆ ಕುಂಕುಮ ಹಚ್ಚಿ ಕೈಮುಗಿದಿದ್ದಳು. ಜಪಾನಿನಲ್ಲಿ ಇಂಥ ಕೈಗಳೇ ಕಾರು ಮಾಡುತ್ತವೆ ಎಂದು ಮಾಸ್ತರೊಬ್ಬರು ಭಾಷಣ ಬಿಗಿದರು. ಸಿಗಡಿ ಸುಲಿಯುವ ಹೆಂಗಸರು ಮಾತ್ರ ನಗಲಿಲ್ಲ. ತಮ್ಮ ಬೆರಳುಗಳನ್ನು ಒಮ್ಮೆ, ಅದರ ಬೆರಳುಗಳನ್ನು ಒಮ್ಮೆ ನೋಡುತ್ತ ನಿಂತಿದ್ದರು.

ಗಂಗೆ ತೂಗುಬಿದ್ದ ಬಲೆಯ ಹತ್ತಿರ ಹೋಗಿ, ಅದರ ಅಂಚನ್ನು ಹಿಡಿದು ನೋಡಿ, ಇದ್ದಕ್ಕಿದ್ದಂತೆ ಕೂಗಿದ್ದಳು: "ಈ ಕೈ ಮುರ್ದು ಹೋಗ್ಲಿ!"

ಮರುದಿನ ಕೈ ಇರಲಿಲ್ಲ. ಶನಿಯಾರನಿಗೆ ಅಷ್ಟೇ ಸಾಕಾಯಿತು.

ಬಲೆಯನ್ನು ಅವನು ನೆಲದ ಮೇಲೆ ಹರಡಿದ. ಮೊದಲ ಸಾಲಿನ ಮೊದಲ ಕುಣಿಕೆ ಹಿಡಿದು ನೋಡಿದ. ಉಳಿದವಕ್ಕಿಂತ ದೊಡ್ಡದು. ಹಿಗ್ಗಿ, ಬಾಯಿ ತೆರೆದ ಹಾಗಿತ್ತು.

ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

ಈ ಕೇರಿಯಲ್ಲಿ ಬಲೆ ಹೆಣೆಯುವವರು ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ಮೊದಲ ಕುಣಿಕೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಿಗಿ ಬರುವಂತೆ ಕಾಲನ್ನು ಮುಂದೆ ಒತ್ತಿ ಹೆಣೆಯುತ್ತಾರೆ. ದಿನಗಟ್ಟಲೆ ಒತ್ತಿದ ಕುಣಿಕೆ ಹೀಗೇ ಹಿಗ್ಗುತ್ತದೆ. ಮಾಬ್ಲೇಶ್ವರನ ಯಂತ್ರಕ್ಕೆ ಕೈಯಿತ್ತು. ಕಾಲಿರಲಿಲ್ಲ.

ಪೊಲೀಸ್ ಕೆಲಸಕ್ಕೆ ಸೇರಿದ ದಿನದಿಂದ ತಾನು ಮೀನುಗಾರನ ಮಗ ಎಂದು ಯಾರಾದರೂ ಹೇಳಿದರೆ ಅವನಿಗೆ ಆಗುತ್ತಿರಲಿಲ್ಲ. ಮೀನಿನ ವಾಸನೆ ಹೋಗಲೆಂದು ಎರಡೆರಡು ಸಲ ಸಾಬೂನು ಹಚ್ಚಿದವನು. ತಂತಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದ. ನೆಲದ ಧೂಳನ್ನು ಪೊಟ್ಟಣ ಕಟ್ಟಿದ. ಬಲೆ ಮೀನುಗಾರರು ನೋಡುವ ವಸ್ತು, ಜಮಾದಾರನಿಗೆ ಅದರಲ್ಲೇನು ಎಂದುಕೊಂಡ. ಹತ್ತು ವರ್ಷದ ಹುಡುಗಿಗೂ ಕಾಣುತ್ತಿದ್ದದ್ದು ಅವನಿಗೆ ಕಾಣಲಿಲ್ಲ.

ಅಂಚಿನ ಗಂಟುಗಳ ಮೇಲೆ ಬೆರಳು ಓಡಿಸಿದ. ಆರು ಒಂಟಿ ಗಂಟು, ಏಳನೆಯದು ಜೋಡಿ. ಮತ್ತೆ ಆರು ಒಂಟಿ, ಮತ್ತೊಂದು ಜೋಡಿ.

ರಂಪಣಿಯ ತುಂಡುಗಳನ್ನು ವರ್ಷದ ಕೊನೆಗೆ ಬಿಚ್ಚುವಾಗ ಯಾರದು ಯಾವುದೆಂದು ಗೊತ್ತಾಗಲು ಒಂದೊಂದು ಮನೆಯವರು ಅಂಚನ್ನು ಒಂದೊಂದು ರೀತಿ ಮುಗಿಸುತ್ತಾರೆ. ಏಳಕ್ಕೊಂದು ಜೋಡಿ ಗಂಟು ಅವನ ತಾಯಿಯದು. ತಾಯಿ ಸತ್ತು ಹನ್ನೊಂದು ವರ್ಷ. ಅವಳು ಅದನ್ನು ಕಲಿಸಿದ್ದು ಒಬ್ಬಳಿಗೇ.

"ಬಂಗಾರೀ!"

* * *

ಒಳಗೆ ಅರೆಯುವ ಕಲ್ಲಿನ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಕೈಗೆ ಮಸಾಲೆ ಮೆತ್ತಿತ್ತು. ಹರಡಿದ ಬಲೆಯನ್ನು ನೋಡಿ ಅಲ್ಲೇ ನಿಂತಳು.

"ಇದು ಯಾರ ಕೈ?"

"ಯಂತ್ರದ ಕೈ ಅಂತ ಬರ್ದು ಹಾಕಿದ್ರಲ್ಲ."

"ಯಾರ ಕೈ ಅಂತ ಕೇಳ್ದೆ!"

"ಕೂಗ್ಬೇಡಿ. ಜನ ಇನ್ನೂ ಬೇಲಿ ಹತ್ರ ಇದ್ದಾರೆ."

ಅವನು ಕಾಲಿನಿಂದ ಮಣೆಯನ್ನು ಒದ್ದ. ಅದು ಹೋಗಿ ಗೋಡೆಗೆ ಬಡಿಯಿತು. ಬಂಗಾರಿ ಬೆಚ್ಚಲಿಲ್ಲ.

"ನಂದೇ ಕೈ," ಅಂದಳು. "ಶ್ರಾವಣದಲ್ಲಿ ಹೆಣೆದದ್ದು. ನೀವು ಸಂತೆಗುಳಿಲಿ ಅಡಿಕೆ ಕಳ್ಳನ್ನ ಹುಡುಕುಕೆ ಅಂತ ಹದ್ನೈದು ದಿನ ಹೋಗಿ ಕೂತ್ರಲ್ಲ, ಆಗ."

"ಯಾಕೆ? ಎಂತ ಕಡ್ಮೆ ಆಗಿತ್ತು ನಿಂಗೆ?"

"ನಂಗಲ್ಲ. ದಾಸನಿಗೆ."

ದಾಸ ಅವರ ಒಬ್ಬನೇ ಮಗ. ಎರಡು ವರ್ಷದ ಹಿಂದೆ ಟ್ರಾಲರ್ ದೋಣಿಯಲ್ಲಿ ಬಲೆ ಎಳೆಯುವ ವಿಂಚಿಗೆ ಬಲಗೈ ಸಿಕ್ಕಿ, ಹೆಬ್ಬೆರಳೊಂದು ಬಿಟ್ಟು ನಾಲ್ಕೂ ಬೆರಳು ಹೋಗಿದ್ದವು. ಪ್ರದರ್ಶನ ಶುರುವಾದಾಗಿನಿಂದ ಮಾಬ್ಲೇಶ್ವರನ ಮಂಟಪ ಕಾಯುತ್ತ ಕುಮಟೆಯಲ್ಲೇ ಇದ್ದ.

"ಮಾಬ್ಲೇಶ್ವರ ಇಲ್ಲೇ ಬಂದು ಕೂತು ಹೇಳ್ದ," ಬಂಗಾರಿಯ ದನಿ ತಗ್ಗಿತು. "ಕೈ ಬಗ್ತದೆ, ಹಿಡೀತದೆ, ಸೂಜಿ ನುಗ್ಗಿಸ್ತದೆ. ಗಂಟು ಬಿಗಿಯುಕೆ ಮಾತ್ರ ಬರುದಿಲ್ಲ ಅಂದ. ಒಂದೋ ದಾರ ಹರೀತದೆ, ಇಲ್ದಿದ್ರೆ ಗಂಟು ಜಾರ್ತದೆ. ಎಷ್ಟು ಬಿಗಿಬೇಕು ಅಂತ ಗೊತ್ತಾಗುದು ಬೆರಳಿನ ಚರ್ಮಕ್ಕಲ್ದಾ? ಕಬ್ಬಿಣಕ್ಕೆ ಹೇಗೆ ಗೊತ್ತಾಗ್ಬೇಕು? ಒಂದು ವರ್ಷ ಟೈಮು ಸಿಕ್ಕಿದ್ರೆ ಅದನ್ನೂ ಕಲಿಸ್ತೆ ಅಂದ. ಅಲ್ಲೀವರೆಗೆ ದುಡ್ಡು ಹಾಕುವ ಮುಂಬಯಿ ದೊಡ್ಡವ್ರು ನಂಬ್ಬೇಕಿತ್ತು. ಆಮೇಲೆ ಮೊದ್ಲು ಮಾಡುವ ಕೈ ದಾಸನ ಮೊಂಡು ಕೈಗೆ ಅಂತ ದೇವ್ರ ದೀಪ ಮುಟ್ಟಿ ಹೇಳ್ದ."

"ಅಲ್ಲಿ ಜನರ ಎದ್ರಿಗೇ ಗಂಟು ಹಾಕ್ತಿತ್ತಲ್ಲ!"

"ನೀವೂ ಹೋಗಿ ನೋಡಿದ್ರಿ. ಒಂದೊಂದು ಗಂಟಿಗೂ 'ಗಟ್ಟಿ ಉಂಟಾ ನೋಡಿ' ಅಂತ ಮಾಬ್ಲೇಶ್ವರ ತಾನೇ ಎಳ್ದು ತೋರಿಸ್ತಿರ್ಲಿಲ್ವಾ? ಬಿಗೀತಿದ್ದದ್ದು ಅವ್ನು."

ಶನಿಯಾರ ಎರಡು ಮಾರು ದೂರದಲ್ಲಿ ನಿಂತು ನೋಡಿದ್ದ. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ್ದ.

"ಗಂಗೆಗೆ ಗೊತ್ತಿತ್ತು," ಬಂಗಾರಿ ಮುಂದುವರಿಸಿದಳು. "ಅಂಚು ಮುಟ್ಟಿದ ಕೂಡ್ಲೆ ಗೊತ್ತಾತು ಅವ್ಳಿಗೆ. ನಮ್ಮ ತುಂಡಿನ ಪಕ್ಕದ್ದೇ ಅವ್ರ ತುಂಡು, ವರ್ಷ ವರ್ಷಾ ಜೋಡಿಸುದು ನಾವಿಬ್ರೇ. ಅವ್ಳು 'ಮುರ್ದು ಹೋಗ್ಲಿ' ಅಂದದ್ದು ಯಂತ್ರಕ್ಕಲ್ಲ. ನಂಗೆ."

"ನಿನ್ನೆ ಕೂಟದಲ್ಲಿ ಬಾಯಿ ಬಿಡ್ಬಹುದಿತ್ತಲ್ಲ ಅವ್ಳು!"

"ಬಿಟ್ಟಿದ್ರೆ ಈ ಮನೆ ಮರ್ಯಾದೆ ಹೋಗ್ತಿತ್ತು. ಅವ್ಳು ನನ್ನ ಮುಖ ನೋಡ್ದ್ಲು. ನಾನು ತಲೆ ತಗ್ಗಿಸ್ದೆ." ಬಂಗಾರಿ ಬಾಗಿಲ ಚೌಕಟ್ಟಿಗೆ ಒರಗಿದಳು. "ನೀವು ಅವ್ಳ ಮೇಲೆ ಕೂಗ್ತಾ ಇದ್ರಿ. ನಾನು ಹಿಂದೆ ನಿಂತು ಸೆರಗು ಬಾಯಿಗೆ ತುರುಕ್ಕೊಂಡೆ. ಅಷ್ಟೇ ಮಾಡಿದ್ದು ನಾನು. ಹೇಸಿಗೆ ಬತ್ತದೆ ನಂಗೆ ನನ್ನ ಮೇಲೆ."

ಶನಿಯಾರನಿಗೆ ಬೈಯಬೇಕೆನಿಸಿತು. ಬೈಯಬೇಕಾದವನು ತಾನೇ ಎಂದು ಗೊತ್ತಿತ್ತು.

ಮಾತು ಬೇರೆ ಕಡೆ ಎಳೆಯಲೆಂದು ಪೊಲೀಸ್ ದನಿ ತೆಗೆದ. "ಬಲೆ ವಿಷ್ಯ ಬೇರೆ, ಕಳ್ಳತನ ಬೇರೆ. ಕೈ ಕಡ್ದವ್ರು ಯಾರು? ತಂತಿ ತುಂಡಾದ ಓರೆ ನಾನು ನೋಡಿದ್ದೆ. ಎಡಗೈಲಿ ಇಕ್ಕಳ ಹಿಡ್ದು ಕತ್ತರಿಸಿದ್ದು. ಗಂಗೆ ಬಲಗೈ ಅಡಗಿಸ್ಕಂಡಿದ್ಲು, ಎಡಗೈಲೇ ಕತ್ತರಿಸಿರ್ಬೇಕು ಅಂತ ನಾನು..."

ಅರ್ಧಕ್ಕೆ ನಿಲ್ಲಿಸಿದ.

ಬಂಗಾರಿ ಅವನನ್ನೇ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು.

ಬಲಗೈಯಲ್ಲಿ ಇಕ್ಕಳ ಹಿಡಿಯಲಾಗದವನು, ಮಂಟಪದ ಕೀಲಿಕೈ ಇಟ್ಟುಕೊಂಡವನು, ಆ ರಾತ್ರಿ ಅಲ್ಲೇ ಮಲಗಿದವನು ಒಬ್ಬನಿದ್ದ. ಕುಮಟೆಯಲ್ಲಿ ಶನಿಯಾರ ಹದಿನೇಳು ಜನರನ್ನು ಪ್ರಶ್ನಿಸಿದ್ದ. ಚಹಾ ತಂದುಕೊಟ್ಟು ಪಕ್ಕದಲ್ಲಿ ನಿಂತಿದ್ದ ಸ್ವಂತ ಮಗನನ್ನು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಇಬ್ಬರೂ ಆ ಹೆಸರು ಹೇಳಲಿಲ್ಲ.

"ಬಲೆ ಇಳಿಯುಕೆ ಇನ್ನು ಒಂದು ತಾಸು ಉಂಟು," ಕೊನೆಗೆ ಬಂಗಾರಿ ಅಂದಳು. "ಗಂಗೆ ತುಂಡು ಬಿಚ್ಚುವ ಮೊದ್ಲು ಹೇಳ್ಬೇಕು. ನೀವು ಹೇಳ್ತ್ರಾ, ನಾನು ಹೇಳ್ಲಾ?"

"ಎರಡು ದಿನ ತಡಿ. ಕೈ ಸಿಕ್ಲಿ. ಎಲ್ಲ ಒಟ್ಟಿಗೆ..."

"ಬಲೆ ಎರಡು ದಿನ ತಡಿತದಾ?"

"ನಾನು ಹೇಗೆ ಹೋಗಿ ನಿಲ್ಲುದು ಬಂಗಾರಿ? ನಿನ್ನೆ ಅಷ್ಟು ಕೂಗಿ, ಇವತ್ತು ಹೋಗಿ, ನನ್ನ ಹೆಂಡ್ತಿ... ಹೇಗೆ ನಿಲ್ಲುದು?"

"ಗಂಗೆ ನಿಂತ್ಲಲ್ಲ."

ಅವನು ಬಲೆಯ ಮೇಲೆ ಕಣ್ಣು ನೆಟ್ಟು ಕೂತ. ಬಂಗಾರಿ ಕೈ ತೊಳೆದುಕೊಂಡಳು. ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಬೇಲಿಯ ಬಳಿಯ ಜನರ ಕಣ್ಣಿಗೆ ಬೀಳಬಾರದೆಂದು ಹಾಗೆ ಹೋದಳು ಎಂದುಕೊಂಡ ಅವನು.

ತಡೆಯಲಿಲ್ಲ. ಜೊತೆಗೆ ಹೋಗಲೂ ಇಲ್ಲ. ನಿಜ ಹೇಳಬೇಕೆಂದರೆ, ಅವಳು ಹೋದದ್ದಕ್ಕೆ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಅವಳೇ ಹೇಳಿಬಿಟ್ಟರೆ ತಾನು ಹೇಳುವುದು ತಪ್ಪುತ್ತದೆ.

* * *

ಕೂತಲ್ಲಿ ಕೂರಲಾಗಲಿಲ್ಲ. ಅರ್ಧ ತಾಸು ಕಳೆದ ಮೇಲೆ ಬಲೆಯನ್ನು ಕಂಕುಳಲ್ಲಿ ಒತ್ತಿಕೊಂಡು ದಡಕ್ಕೆ ಹೋದ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಜನ ಬೈದರೆ ಬೈಸಿಕೊಂಡರಾಯಿತು ಎಂಬ ಲೆಕ್ಕ.

ದಡದಲ್ಲಿ ಎಪ್ಪತ್ತು ಜನರಿದ್ದರು. ತಾಂಡೇಲ ಬೊಮ್ಮ, ರಂಪಣಿಯ ಯಜಮಾನ, ಮಂಡಿಯೂರಿ ಕೂತು ಚೂರಿಯಿಂದ ಜೋಡಣೆಯ ದಾರ ಕೊಯ್ಯುತ್ತಿದ್ದ. ಗಂಗೆಯ ತುಂಡು ಅರ್ಧಕ್ಕಿಂತ ಹೆಚ್ಚು ಬಿಚ್ಚಿ ಮರಳಿನ ಮೇಲೆ ಬಿದ್ದಿತ್ತು. ಗಂಗೆ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಕೈಗೆ ಅರಿಶಿನದ ಬಟ್ಟೆ ಸುತ್ತಿತ್ತು. ಯಾರೂ ಅವಳ ಹತ್ತಿರ ಇರಲಿಲ್ಲ.

"ನಿಲ್ಸು ಬೊಮ್ಮಾ!"

"ಯಾಕೆ ಜಮಾದಾರ್ರೆ? ನೀವೇ ಹೇಳಿದ್ದಲ್ದಾ?"

ಹಾಗಾದರೆ ಯಾರೂ ಏನೂ ಹೇಳಿಲ್ಲ. ಶನಿಯಾರ ಸುತ್ತಲೂ ನೋಡಿದ. ಬಂಗಾರಿ ಕಾಣಲಿಲ್ಲ. ಎಪ್ಪತ್ತು ಜೊತೆ ಕಣ್ಣುಗಳು ಅವನ ಮೇಲಿದ್ದವು.

"ಗಂಗೆ ಕಳ್ಳಿಯಲ್ಲ," ಅಂದ. "ನಾನು ತಪ್ಪು ಹೇಳ್ದೆ."

"ಜೋರಾಗಿ ಹೇಳು!" ಮಾಸ್ತಮ್ಮ ಎಲ್ಲಿಂದಲೋ ಕೂಗಿದಳು. "ನಿನ್ನೆ ಅಷ್ಟು ದನಿ ಇತ್ತಲ್ಲ!"

ಅವನು ಜೋರಾಗಿ ಹೇಳಿದ. ಯಂತ್ರದ ಬಲೆ ಯಂತ್ರ ಹೆಣೆದದ್ದಲ್ಲ ಎಂದ. ಅಂಚನ್ನು ಬಿಡಿಸಿ ಬೊಮ್ಮನ ಮುಂದೆ ಹಿಡಿದ. ತನ್ನ ಮನೆಯ ಗಂಟು, ತನ್ನ ಹೆಂಡತಿಯ ಕೈ, ಗಂಗೆ ಅದನ್ನು ಗೊತ್ತಿದ್ದೂ ಹೇಳಲಿಲ್ಲ ಎಂದ. ತಂತಿಯ ಓರೆಯ ವಿಷಯ ಬಾಯಿಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

ಬೊಮ್ಮ ಜೋಡಿ ಗಂಟುಗಳನ್ನು ಎಣಿಸಿ ನೋಡಿದ. "ಆರು ದಿನದಿಂದ ನಿಮ್ಮ ಮನೇಲೇ ಇತ್ತು ಇದು?"

"ಹೌದು."

"ಹೆತ್ತ ಅಬ್ಬೆ ಗಂಟು ಗುರ್ತು ಸಿಕ್ಲಿಲ್ವಾ?"

ಯಾರೋ ನಕ್ಕರು. ಮತ್ತೊಬ್ಬರು ನಕ್ಕರು. ಆಮೇಲೆ ನಗು ದಡದುದ್ದಕ್ಕೂ ಹಬ್ಬಿತು. ಶನಿಯಾರ ತಲೆ ತಗ್ಗಿಸಿ ನಿಂತ. ನಿನ್ನೆ ಗಂಗೆ ನಿಂತದ್ದು ಹೀಗೆಯೇ, ಆದರೆ ಅವಳು ತಲೆ ತಗ್ಗಿಸಿರಲಿಲ್ಲ.

ಬೊಮ್ಮ ಚೂರಿ ಮಡಚಿ ಸೂಜಿ ಕೈಗೆತ್ತಿಕೊಂಡ. ಬಿಚ್ಚಿದ ತುಂಡನ್ನು ಮತ್ತೆ ಜೋಡಿಸಲು ನಾಲ್ಕು ಜನ ಕೂತರು. ಗಂಗೆ ಮಾತ್ರ ನೇರ ಅವನ ಬಳಿಗೆ ಬಂದಳು. ಉಗುಳುತ್ತಾಳೆಂದುಕೊಂಡ. ಉಗುಳಿದ್ದರೆ ಹಗುರವಾಗುತ್ತಿತ್ತು.

"ಬಂಗಾರಕ್ಕ ಎಲ್ಲಿ ಅಣ್ಣಾ?"

"ಇಲ್ಲಿಗೇ ಬಂದ್ಲಲ್ಲ. ಎಲ್ಲ ಹೇಳುಕೇ ಮುಂಚೆನೇ ಹೊರಟ್ಲು."

"ಬೆಳಿಗ್ಗೆಯಿಂದ ನಾನಿಲ್ಲೇ ಇದ್ದೆ. ಬಂಗಾರಕ್ಕ ಬರ್ಲಿಲ್ಲ."

ಮನೆಯಿಂದ ದಡಕ್ಕೆ ಇನ್ನೂರು ಹೆಜ್ಜೆ. ಒಂದೇ ದಾರಿ.

ಅಷ್ಟರಲ್ಲಿ ಹೆದ್ದಾರಿಯ ಕಡೆಯಿಂದ ಖಾಲಿ ಬುಟ್ಟಿ ಹೊತ್ತು ಬಂದ ತಿಮ್ಮಿ, ಮನೆಮನೆಗೆ ಮೀನು ಮಾರುವವಳು, ಮಾತು ಕೇಳಿ ನಿಂತಳು. "ಬಂಗಾರಕ್ಕನಾ? ಬಸ್ ಹತ್ತಿದ್ಲು. ನಾನೇ ನೋಡ್ದೆ."

"ಕುಮಟೆ ಬಸ್ಸಾ?"

"ಅಲ್ಲ. ಮಂಗಳೂರು ಕಡೆ ಹೋಗುದು. ಮಾತಾಡಿಸಿದ್ರೆ ತಿರುಗಿ ನೋಡ್ಲಿಲ್ಲ. ಎದೆಗೆ ಎಂತದೋ ಹಿಡ್ಕಂಡಿದ್ಲು, ಹಳೆ ಸೀರೆ ಸುತ್ತಿದ್ದು. ಮೊಳದುದ್ದ ಇತ್ತು. ಯಾರ ಕೂಸು ಎತ್ಕಂಡು ಹೋಗ್ತಾಳೆ ಅಂದ್ಕಂಡೆ ನಾನು. ಅಳ್ಲೂ ಇಲ್ಲ, ಅಲುಗ್ಲೂ ಇಲ್ಲ."

ಶನಿಯಾರ ಓಡಿದ. ಐವತ್ತೇಳು ವರ್ಷದವನು ಮರಳಿನಲ್ಲಿ ಎರಡು ಸಲ ಮುಗ್ಗರಿಸಿದ. ಹಿತ್ತಲ ಬಾಗಿಲು ತೆರೆದೇ ಇತ್ತು. ಆಚೆ ಕಟ್ಟಿಗೆ ಕೊಟ್ಟಿಗೆ. ಸೌದೆಯ ರಾಶಿಯ ಒಂದು ಮೂಲೆ ಕೆದರಿತ್ತು. ಒಳಗೆ ಕೈ ಹಾಕಿದ. ಗೋಣಿತಾಟು ಸಿಕ್ಕಿತು. ಎಳೆದು ನೋಡಿದರೆ ಯಂತ್ರದ ಎಣ್ಣೆಯ ಕರಿ ಕಲೆ. ಕಲೆಯ ಪಕ್ಕ ಚಿಕ್ಕದೊಂದು ಗುರುತು, ಯಾರೋ ಹಚ್ಚಿದ ಕುಂಕುಮ.

ಗೋಣಿಯನ್ನು ಹಿಡಿದು ಅಲ್ಲೇ ಕೂತ. ಭಟ್ಕಳ, ಹೊನ್ನಾವರ, ಕುಮಟೆಯೆಲ್ಲ ತಿರುಗಿ ಹುಡುಕಿದ ವಸ್ತು ಅವನ ಒಲೆಯಿಂದ ಹತ್ತು ಹೆಜ್ಜೆಯಲ್ಲಿತ್ತು. ಮಗ ಕಡಿದದ್ದನ್ನು ತಾಯಿ ಇಲ್ಲಿ ಅಡಗಿಸಿದ್ದಳು; ಈಗ ಅವನ ಹೆಸರು ಹೊರಬೀಳದಿರಲೆಂದು ಅದನ್ನೇ ಹೊತ್ತು ಹೋಗಿದ್ದಳು.

ಸಂಜೆ ರಂಪಣಿ ದಡಕ್ಕೆ ಬಂತು. ಅವನ ಪಾಲಿನ ಬಂಗಡೆಯನ್ನು ಯಾರೋ ಬಾಗಿಲಲ್ಲಿ ಸುರಿದು, ಮಾತಾಡಿಸದೆ ಹೋದರು. ಅವನು ಜಗಲಿಯಲ್ಲಿ ಕೂತು ಹೆದ್ದಾರಿಯ ಬಸ್ಸುಗಳ ಸದ್ದು ಕೇಳುತ್ತಿದ್ದ. ಮಂಗಳೂರಿನ ಕಡೆಯಿಂದ ಬಂದ ಪ್ರತಿ ಬಸ್ಸೂ ತಿರುವಿನಲ್ಲಿ ನಿಂತಿತು, ಜನರನ್ನು ಇಳಿಸಿತು, ಹೊರಟಿತು.

ಬಂಗಾರಿ ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ.